ಓಕ್‌ಲ್ಯಾಂಡ್ ಏಸ್ 2024: ಕೊಲಿಸಿಯಂನಲ್ಲಿ ಕೊನೆಯ ತಿಂಗಳು, ಹೋಗೋಣವಾ ಬೇಡವಾ?

ಹಸಿರು_ಟೋಪಿ (ಫ್ರೀಮಾಂಟ್), ಸೆಪ್ಟೆಂಬರ್ 3

ನಮ್ಮ ಬೇಸ್‌ಬಾಲ್ ತಂಡ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್, ಅಂದರೆ ನಮ್ಮ ಏಸ್, ಇದರ ಸೀಸನ್ ಕೊನೆಯ ತಿಂಗಳಿಗೆ ಬಂತು. ಪ್ಲೇಆಫ್ ಆಸೆ ಯಾವತ್ತೋ ಮುಗಿದಿದೆ, ಅದು ಎಲ್ಲರಿಗೂ ಗೊತ್ತು. ಆದರೆ ಈ ತಿಂಗಳನ್ನು ಸುಮ್ನೆ ಬಿಟ್ಟುಬಿಡಲು ನನಗೆ ಆಗುತ್ತಿಲ್ಲ. 26ನೇ ತಾರೀಕು ಗುರುವಾರ ಮಧ್ಯಾಹ್ನ ಟೆಕ್ಸಸ್ ರೇಂಜರ್ಸ್ ಜೊತೆ ಆಟ. ಅದೇ ಓಕ್‌ಲ್ಯಾಂಡ್‌ನಲ್ಲಿ, ನಮ್ಮ ಕೊಲಿಸಿಯಂ ಮೈದಾನದಲ್ಲಿ, ಏಸ್ ಆಡುವ ಕೊನೆಯ ಆಟ. 1968ರಿಂದ ಇಲ್ಲಿಯವರೆಗೆ 57 ಸೀಸನ್. ಮುಂದಿನ ವರ್ಷ ಸ್ಯಾಕ್ರಮೆಂಟೊ, ಆಮೇಲೆ ಲಾಸ್ ವೇಗಸ್ ಅಂತ ಹೇಳಿದ್ದಾರೆ.

ನಾನು ಹೋಗುತ್ತೇನೆ. ನಿಮ್ಮಲ್ಲಿ ಯಾರು ಬರುತ್ತೀರಿ? ಬರಲ್ಲ ಅನ್ನುವವರು ಯಾಕೆ ಅಂತಲೂ ಬರೆಯಿರಿ. ಈ ವರ್ಷದ ಹುಡುಗರ ಆಟದ ಬಗ್ಗೆಯೂ ಮಾತಾಡೋಣ. ತಂಡ ಊರು ಬಿಡುವ ಗಲಾಟೆಯಲ್ಲಿ ಆಟದ ಮಾತೇ ಮರೆತುಹೋಗಿದೆ.

ಬಾರ್ಟ್_ಪಯಣಿಗ (ಸ್ಯಾನ್ ಲಿಯಾಂಡ್ರೊ), ಸೆಪ್ಟೆಂಬರ್ 3

ನಾನು ಬರಲ್ಲ ಸರ್. 2023ರ ಏಪ್ರಿಲ್‌ನಲ್ಲಿ ವೇಗಸ್ ಸುದ್ದಿ ಬಂದ ದಿನವೇ ತೀರ್ಮಾನ ಮಾಡಿದೆ. ನಾನು ಕೊಡುವ ಒಂದೊಂದು ಟಿಕೆಟ್ ದುಡ್ಡೂ ಮಾಲೀಕರಿಗೆ ಹೋಗುತ್ತದೆ. ಊರು ಬಿಟ್ಟು ಹೊರಟವರಿಗೆ ದಾರಿಖರ್ಚು ನಾನ್ಯಾಕೆ ಕೊಡಲಿ?

ಒಂದೇ ಒಂದು ಸಲ ಹೋಗಿದ್ದೆ, ಕಳೆದ ವರ್ಷ ಜೂನ್ 13ಕ್ಕೆ. ಅಭಿಮಾನಿಗಳೇ ಸೇರಿ ತಲೆಕೆಳಗಾದ ಬಹಿಷ್ಕಾರ ಮಾಡಿದ ದಿನ. ಬರದೇ ಇರುವ ಬದಲು ಎಲ್ಲರೂ ಒಟ್ಟಿಗೆ ಬಂದು ತೋರಿಸೋಣ ಅಂತ. ಮಂಗಳವಾರ ರಾತ್ರಿಯ ಆಟಕ್ಕೆ 27,759 ಜನ! ಐದನೇ ಇನಿಂಗ್ಸ್ ಶುರುವಾದಾಗ ಮೊದಲ ಬ್ಯಾಟರ್ ಆಡಿ ಮುಗಿಸುವವರೆಗೆ ಇಡೀ ಮೈದಾನ ಎದ್ದು ನಿಂತು ಮೌನವಾಗಿತ್ತು. ಕ್ಯಾಚರ್ ಗ್ಲೌಸ್‌ಗೆ ಚೆಂಡು ಬಿದ್ದ ಸದ್ದು ಮೇಲಿನ ಸ್ಟ್ಯಾಂಡಿನಲ್ಲಿದ್ದ ನನಗೆ ಕೇಳಿಸಿತು. ಆಮೇಲೆ ಒಮ್ಮೆಲೇ ಎಲ್ಲರೂ ‘ತಂಡ ಮಾರಿಬಿಡಿ’ ಅಂತ ಕೂಗಿದರು. ನನ್ನ ಕೈ ನಡುಗುತ್ತಿತ್ತು. ಅವತ್ತು ಟ್ಯಾಂಪಾ ಬೇ ಮೇಲೆ 2-1ರಲ್ಲಿ ಗೆದ್ದೆವು.

ಅಷ್ಟೆಲ್ಲ ಆದ ಮೇಲೂ ನವೆಂಬರ್‌ನಲ್ಲಿ ಮೂವತ್ತು ತಂಡದ ಮಾಲೀಕರೂ ಸ್ಥಳಾಂತರಕ್ಕೆ ಕೈ ಎತ್ತಿದರು. 30-0. ಒಬ್ಬರಾದರೂ ಬೇಡ ಅನ್ನಲಿಲ್ಲ. ನನ್ನ ಮಟ್ಟಿಗೆ ಅಲ್ಲಿಗೇ ಮುಗಿಯಿತು.

ತುಂಗಾ_ತೀರ (ಹೇವರ್ಡ್), ಸೆಪ್ಟೆಂಬರ್ 4

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ನನಗೂ ಅದೇ ಸಿಟ್ಟು ಇದೆ. ಆದರೆ ನನ್ನ ಮಗನಿಗೆ ಒಂಬತ್ತು ವರ್ಷ. ಅವನು ಗೋಡೆಗೆ ಅಂಟಿಸಿಕೊಂಡಿರುವುದು ಮಾಲೀಕರ ಫೋಟೊ ಅಲ್ಲ, ನಮ್ಮ ಬ್ಯಾಟರ್ ಬ್ರೆಂಟ್ ರೂಕರ್ ಫೋಟೊ. ಕೊನೆಯ ಆಟಕ್ಕೆ ಯಾಕೆ ಕರೆದುಕೊಂಡು ಹೋಗಲಿಲ್ಲ ಅಂತ ಇಪ್ಪತ್ತು ವರ್ಷ ಆದ ಮೇಲೆ ಕೇಳಿದರೆ ಏನು ಹೇಳಲಿ?

ಹೊಸ_ಬ್ಯಾಟ್ (ಬರ್ಕ್ಲಿ, ಊರು ಹುಬ್ಬಳ್ಳಿ), ಸೆಪ್ಟೆಂಬರ್ 4

ನಮಸ್ಕಾರ ರೀ. ನಾನು ಓದಲು ಬಂದು ಒಂದು ವರ್ಷ ಆಯ್ತು. ಬೇಸ್‌ಬಾಲ್ ಈಗಷ್ಟೇ ತಲೆಗೆ ಹತ್ತುತ್ತಿದೆ. ಒಂದು ವಿಷಯ ಕೇಳಬೇಕು. ಇಷ್ಟು ಸೋಲುವ ತಂಡದ ಮೇಲೆ ನಿಮಗೆಲ್ಲ ಇಷ್ಟು ಪ್ರೀತಿ ಹೇಗೆ? ನಿಜವಾಗಿ ತಿಳಿದುಕೊಳ್ಳಲು ಕೇಳುತ್ತಿದ್ದೇನೆ.

ಹಸಿರು_ಟೋಪಿ, ಸೆಪ್ಟೆಂಬರ್ 4

ಇವತ್ತಿನ ದಿನವೇ ಈ ಪ್ರಶ್ನೆ ಕೇಳಿದ್ದೀಯ ತಮ್ಮ. 2002ರ ಸೆಪ್ಟೆಂಬರ್ 4. ಸರಿಯಾಗಿ 22 ವರ್ಷದ ಹಿಂದೆ ನಾನು ಅಲ್ಲಿ ಕೂತಿದ್ದೆ.

ಏಸ್ ಅದಕ್ಕೂ ಮೊದಲು ಸತತ 19 ಆಟ ಗೆದ್ದಿತ್ತು. ಕಾನ್ಸಸ್ ಸಿಟಿ ಜೊತೆ ಇಪ್ಪತ್ತನೆಯದು. ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಹೆಚ್ಚಿಗೆ ಟಿಕೆಟ್ ಇದೆ ಅಂತ ಕರೆದರು. ಅಲ್ಲಿಯವರೆಗೆ ನಾನು ಒಂದೂ ಬೇಸ್‌ಬಾಲ್ ಆಟ ನೋಡಿರಲಿಲ್ಲ. ಮೂರು ಇನಿಂಗ್ಸ್ ಮುಗಿಯುವಷ್ಟರಲ್ಲಿ ನಮ್ಮವರು 11-0. ಇನ್ನೇನಿದೆ, ಟ್ರಾಫಿಕ್ ಶುರುವಾಗುವ ಮೊದಲು ಹೊರಡೋಣ ಅಂತ ನಾನೇ ಅಂದೆ. ಅವರು ನನ್ನ ತೋಳು ಹಿಡಿದು ಕೂರಿಸಿದರು. ಕಾನ್ಸಸ್ ಸಿಟಿ ಬೆನ್ನಟ್ಟಿ ಬಂದು ಒಂಬತ್ತನೇ ಇನಿಂಗ್ಸ್‌ನಲ್ಲಿ 11-11 ಮಾಡಿಬಿಟ್ಟಿತು. ಐವತ್ತೈದು ಸಾವಿರ ಜನ ಸಾವಿನ ಮನೆಯಲ್ಲಿ ಕೂತ ಹಾಗೆ ಕೂತಿದ್ದರು.

ನಮ್ಮ ಸರದಿ ಬಂತು. ಸ್ಕಾಟ್ ಹ್ಯಾಟೆಬರ್ಗ್ ಬೇರೊಬ್ಬರ ಬದಲಿಗೆ ಬ್ಯಾಟ್ ಹಿಡಿದು ಬಂದರು. ಅವತ್ತು ಅವರು ಮೊದಲಿನಿಂದ ಆಡಿರಲೇ ಇಲ್ಲ. ಚೆಂಡು ಬ್ಯಾಟಿಗೆ ತಾಗಿದ್ದು ಮಾತ್ರ ನೋಡಿದೆ. ಆಮೇಲೆ ಎದುರಿಗಿದ್ದವರೆಲ್ಲ ಎದ್ದು ನಿಂತು ಏನೂ ಕಾಣಲಿಲ್ಲ. ಸದ್ದಿನಿಂದಲೇ ಗೊತ್ತಾಯಿತು ಹೋಮ್ ರನ್, ನಮ್ಮ ಸಿಕ್ಸರ್ ಹಾಗೆ ಚೆಂಡು ಬೇಲಿ ದಾಟಿತು ಅಂತ. 12-11. ಪಕ್ಕದಲ್ಲಿದ್ದ ಹಿರಿಯರೊಬ್ಬರು, ಪರಿಚಯವೇ ಇಲ್ಲದವರು, ನನ್ನನ್ನು ತಬ್ಬಿಕೊಂಡು ಅತ್ತರು. ತಮ್ಮ ತಲೆಯ ಮೇಲಿದ್ದ ಹಸಿರು ಟೋಪಿ ತೆಗೆದು ನನ್ನ ತಲೆಗೆ ಇಟ್ಟರು. ಇವತ್ತಿಗೂ ಅದೇ ಟೋಪಿ. ಅಂಚಿನ ದಾರ ಬಿಟ್ಟಿದೆ, ಹಣೆ ತಾಗುವ ಕಡೆ ಬೆವರಿನ ಬಿಳಿ ಗೆರೆ ಇದೆ, ಹೆಂಡತಿ ಒಗೆಯಲು ಕೇಳಿದರೂ ಕೊಟ್ಟಿಲ್ಲ.

ಪ್ರೀತಿ ಹೇಗೆ ಅಂತ ಕೇಳಿದೆಯಲ್ಲ, ನನಗೆ ಅದು ಹೀಗೆ ಬಂತು.

ಲೆಕ್ಕದ_ಮೇಷ್ಟ್ರು (ಫಾಲ್ಸಮ್), ಸೆಪ್ಟೆಂಬರ್ 5

ಹೊಸ_ಬ್ಯಾಟ್ ಅವರೇ, ಏಸ್ ಮೊದಲಿನಿಂದ ಸೋಲುತ್ತಲೇ ಬಂದ ತಂಡವಲ್ಲ. 1972, 73, 74, ಮೂರು ವರ್ಷ ಬೆನ್ನುಬೆನ್ನಿಗೆ ವರ್ಲ್ಡ್ ಸೀರೀಸ್, ಅಂದರೆ ಲೀಗ್‌ನ ಫೈನಲ್ ಸರಣಿ, ಗೆದ್ದವರು ಇವರು. 1989ರಲ್ಲಿ ಮತ್ತೊಂದು. ಅದು ಕೊಲ್ಲಿಯ ಆಚೆಯ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಮೇಲೆ. ಮೂರನೇ ಆಟ ಶುರುವಾಗುವ ಹೊತ್ತಿಗೇ ಲೋಮಾ ಪ್ರಿಯೇಟ ಭೂಕಂಪ ಆಗಿ ಸರಣಿಯನ್ನೇ ನಿಲ್ಲಿಸಿದ್ದರು.

ಈ ವರ್ಷದ ಲೆಕ್ಕಕ್ಕೆ ಬನ್ನಿ. ಕಳೆದ ವರ್ಷ 50 ಗೆಲುವು, 112 ಸೋಲು. ಅದು ನಿಜಕ್ಕೂ ಕೆಟ್ಟ ವರ್ಷ. ಈ ವರ್ಷ ಜುಲೈ ಮಧ್ಯದ ಆಲ್ ಸ್ಟಾರ್ ಬಿಡುವಿಗೆ (ಲೀಗ್‌ನ ಒಳ್ಳೆ ಆಟಗಾರರೆಲ್ಲ ಸೇರಿ ಒಂದು ಆಟ ಆಡುವ ಹೊತ್ತು) 37 ಗೆಲುವು, 61 ಸೋಲು ಇತ್ತು. ಅಲ್ಲಿಂದೀಚೆಗೆ ನೋಡಿ, ಗೆಲುವು ಸೋಲು ಹೆಚ್ಚುಕಮ್ಮಿ ಸರಿಸಮ ಆಗಿವೆ. ಸಂಬಳದ ಪಟ್ಟಿ ಲೀಗ್‌ನಲ್ಲೇ ತೀರ ಕೆಳಗಿರುವ ತಂಡ ಇದನ್ನು ಮಾಡುತ್ತಿದೆ. ಇನ್ನೆರಡು ವರ್ಷ ಹೀಗೇ ಬಿಟ್ಟರೆ ಇವರು ದೊಡ್ಡ ತಂಡ ಆಗುತ್ತಾರೆ ಅಂತ ನನಗೆ ಪೂರ್ತಿ ನಂಬಿಕೆ ಇದೆ.

ರೂಕರ್ ಕಥೆ ಗೊತ್ತಾ? ಮಿನ್ನೆಸೋಟ ಬಿಟ್ಟುಕೊಟ್ಟಿತು, ಸ್ಯಾನ್ ಡಿಯಾಗೊ ಬಿಟ್ಟುಕೊಟ್ಟಿತು, ಕಾನ್ಸಸ್ ಸಿಟಿ ಕೈಬಿಟ್ಟಿತು. 2022ರ ನವೆಂಬರ್‌ನಲ್ಲಿ ಏಸ್ ಅವರನ್ನು ಕರೆದುಕೊಂಡಿತು. ಕಳೆದ ವರ್ಷ 30 ಹೋಮ್ ರನ್. ಈ ವರ್ಷ ಅದನ್ನೂ ದಾಟಿ ಹೋಗುತ್ತಿದ್ದಾರೆ. ಅವಕಾಶ ಸಿಕ್ಕಿದರೆ ಏನು ಮಾಡಬಹುದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಡ.

ತುಂಗಾ_ತೀರ, ಸೆಪ್ಟೆಂಬರ್ 5

ಲಾರೆನ್ಸ್ ಬಟ್ಲರ್ ಹೆಸರು ಬಿಟ್ಟಿರಿ ಮೇಷ್ಟ್ರೇ! ಮೇ ತಿಂಗಳಲ್ಲಿ ಬ್ಯಾಟಿಂಗ್ ಸರಾಸರಿ .179, ತೀರ ಕಮ್ಮಿ ಅಂತ ಕೆಳಗಿನ ಲೀಗ್‌ಗೆ ಕಳಿಸಿದ್ದರು. ಜೂನ್‌ನಲ್ಲಿ ವಾಪಸ್ ಬಂದ. ಜುಲೈ 14ಕ್ಕೆ ಫಿಲಡೆಲ್ಫಿಯಾದಲ್ಲಿ ಒಂದೇ ಆಟದಲ್ಲಿ ಮೂರು ಹೋಮ್ ರನ್. 18-3ರಲ್ಲಿ ಗೆದ್ದ ಆಟ ಅದು. ಈಗ ಅವನು ಬ್ಯಾಟಿಗೆ ಬಂದರೆ ನಾನು ಒಲೆ ಆರಿಸಿ ಬಂದು ಟಿವಿ ಮುಂದೆ ನಿಲ್ಲುತ್ತೇನೆ.

ಹೊಸ_ಬ್ಯಾಟ್, ಸೆಪ್ಟೆಂಬರ್ 6

ಏಸ್ ಪಿಚರ್ ಮೇಸನ್ ಮಿಲ್ಲರ್ ಚೆಂಡು ಎಸೆಯುವುದನ್ನು ನೋಡಿದೆ. ಅದೇನು ವೇಗ ರೀ! ಕ್ರಿಕೆಟ್‌ಗೆ ಹೋಲಿಸಿದರೆ ಎಷ್ಟು?

ಲೆಕ್ಕದ_ಮೇಷ್ಟ್ರು, ಸೆಪ್ಟೆಂಬರ್ 6

ಈ ವರ್ಷದ ಆಲ್ ಸ್ಟಾರ್ ಆಟದಲ್ಲಿ ಅವರ ಒಂದು ಎಸೆತ ಗಂಟೆಗೆ 103.6 ಮೈಲಿ. ಅಂದರೆ 166 ಕಿಲೋಮೀಟರ್‌ಗೂ ಜಾಸ್ತಿ. ಕ್ರಿಕೆಟ್‌ನಲ್ಲಿ ಶೋಯೆಬ್ ಅಖ್ತರ್ 2003ರಲ್ಲಿ ಹಾಕಿದ 161.3 ಕಿ.ಮೀ. ದಾಖಲೆ. ಆದರೆ ಎರಡನ್ನೂ ಒಂದೇ ತಕ್ಕಡಿಗೆ ಹಾಕಬಾರದು. ಬೌಲರ್ ಓಡಿ ಬರುತ್ತಾನೆ, ಆದರೆ ಮೊಣಕೈ ಬಗ್ಗಿಸಿ ಎಸೆಯುವಂತಿಲ್ಲ. ಪಿಚರ್ ಹತ್ತು ಇಂಚು ಎತ್ತರದ ಮಣ್ಣಿನ ದಿಬ್ಬದ ಮೇಲೆ ನಿಂತೇ ಎಸೆಯುತ್ತಾನೆ, ಕೈ ಬಗ್ಗಿಸಬಹುದು. ದೂರ 60 ಅಡಿ 6 ಇಂಚು, ನಮ್ಮ 22 ಗಜಕ್ಕಿಂತ ಐದೂವರೆ ಅಡಿ ಕಡಿಮೆ. ಚೆಂಡು ನೆಲಕ್ಕೆ ಬಡಿಯುವುದಿಲ್ಲ, ಹಾಗಾಗಿ ವೇಗ ಇಳಿಯುವುದೂ ಕಡಿಮೆ.

ಇನ್ನೊಂದು ವಿಷಯ. ಮಿಲ್ಲರ್‌ಗೆ ಕಾಲೇಜಿನಲ್ಲಿದ್ದಾಗ ಟೈಪ್ 1 ಮಧುಮೇಹ ಅಂತ ಗೊತ್ತಾಯಿತು. ಅದನ್ನು ಸಂಭಾಳಿಸಿಕೊಂಡೇ ಇಲ್ಲಿಗೆ ಬಂದಿದ್ದಾರೆ. ನನ್ನ ಅಣ್ಣನ ಮಗಳಿಗೂ ಅದೇ ತೊಂದರೆ. ಅವಳಿಗೆ ಮಿಲ್ಲರ್ ವಿಡಿಯೊ ಕಳಿಸಿದ್ದೆ. ಈಗ ದಿನಾ ಅವರ ಸೇವ್ (ಕೊನೆಗೆ ಬಂದು ಗೆಲುವು ಉಳಿಸಿಕೊಟ್ಟ ಆಟ) ಎಷ್ಟಾಯಿತು ಅಂತ ನನ್ನನ್ನೇ ಕೇಳುತ್ತಾಳೆ.

ಬಾರ್ಟ್_ಪಯಣಿಗ, ಸೆಪ್ಟೆಂಬರ್ 9

ಹುಡುಗರ ಆಟದ ಬಗ್ಗೆ ನನ್ನದೇನೂ ತಕರಾರಿಲ್ಲ. ನನ್ನ ಸಂಕಟವೇ ಅದು. ಸಸಿ ನೆಟ್ಟು, ನೀರು ಹಾಕಿ, ಕಾಯಿ ಬಿಡುವ ಹೊತ್ತಿಗೆ ಬೇರು ಸಮೇತ ಕಿತ್ತು ಬೇರೆಯವರ ಹಿತ್ತಲಿಗೆ ಒಯ್ಯುತ್ತಿದ್ದಾರೆ. ಓಕ್‌ಲ್ಯಾಂಡ್ 2019ರಲ್ಲಿ ಬ್ಯಾಸ್ಕೆಟ್‌ಬಾಲ್ ತಂಡ ವಾರಿಯರ್ಸ್ ಕಳೆದುಕೊಂಡಿತು. 2020ರಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡ ರೇಡರ್ಸ್ ಹೋಯಿತು. ಈಗ ಇದು. ಐದು ವರ್ಷದಲ್ಲಿ ಮೂರು ತಂಡ. ಒಂದು ಊರು ಎಷ್ಟು ಸಲ ಬೀಳ್ಕೊಡಬೇಕು?

ಲೆಕ್ಕದ_ಮೇಷ್ಟ್ರು, ಸೆಪ್ಟೆಂಬರ್ 9

ಬೇರೆಯವರ ಹಿತ್ತಲು ಅಂದಿರಲ್ಲ, ಅದು ನನ್ನ ಹಿತ್ತಲು. ಫಾಲ್ಸಮ್‌ನಿಂದ ವೆಸ್ಟ್ ಸ್ಯಾಕ್ರಮೆಂಟೊದ ಆ ಮೈದಾನಕ್ಕೆ ಕಾರಿನಲ್ಲಿ ಅರ್ಧ ಗಂಟೆ. ಇಷ್ಟು ವರ್ಷ ನಾನು ಎರಡು ತಾಸು ಓಡಿಸಿಕೊಂಡು ಓಕ್‌ಲ್ಯಾಂಡ್‌ಗೆ ಬರುತ್ತಿದ್ದೆ. ಸುಮಾರು 14,000 ಜನ ಹಿಡಿಸುವ ಚಿಕ್ಕ ಜಾಗ. ಜೈಂಟ್ಸ್‌ನ ಕೆಳಗಿನ ಲೀಗ್ ತಂಡ ರಿವರ್ ಕ್ಯಾಟ್ಸ್ ಆಡುವ ಮೈದಾನ ಅದು. ಈ ಹುಡುಗರನ್ನು ಇಷ್ಟು ಹತ್ತಿರದಿಂದ ನೋಡುವ ಅವಕಾಶ ಮತ್ತೆ ಸಿಗಲ್ಲ.

ಖುಷಿಪಡಬೇಕಾ ಅಂತ ನನಗೆ ಗೊತ್ತಾಗುತ್ತಿಲ್ಲ. ನಿಮ್ಮೆಲ್ಲರ ಮಾತು ಓದಿದ ಮೇಲೆ ಮುಂದಿನ ವರ್ಷದ ಟಿಕೆಟ್ ವಿಚಾರಿಸಲು ಮನಸ್ಸು ಬರಲಿಲ್ಲ. ತಂಡದ ಹೆಸರಿನ ಜೊತೆ ಊರಿನ ಹೆಸರೂ ಇರಲ್ಲ, ಬರೀ ‘ಅಥ್ಲೆಟಿಕ್ಸ್’ ಅಂತೆ. ನಮ್ಮೂರಿಗೆ ಬರುತ್ತಿದ್ದಾರೆ, ಆದರೆ ನಮ್ಮವರಾಗಿ ಬರುತ್ತಿಲ್ಲ.

ಹಸಿರು_ಟೋಪಿ, ಸೆಪ್ಟೆಂಬರ್ 10

ಮೇಷ್ಟ್ರೇ, ನೀವು ಯಾವ ತಪ್ಪೂ ಮಾಡಿಲ್ಲ. ಮುಂದಿನ ವರ್ಷ ಹೋಗಿ, ನೋಡಿ, ಬಂದು ಇಲ್ಲಿ ಬರೆಯಿರಿ. ರೂಕರ್ ಏನು ಮಾಡಿದ, ಬಟ್ಲರ್ ಏನು ಮಾಡಿದ ಅಂತ ನಮಗೂ ಬೇಕು.

ತುಂಗಾ_ತೀರ, ಸೆಪ್ಟೆಂಬರ್ 12

ಹೊಸ_ಬ್ಯಾಟ್ ಕೇಳಿದ ಪ್ರಶ್ನೆ ತಲೆಯಲ್ಲೇ ಉಳಿದಿತ್ತು. ಇವತ್ತು ಮಗನನ್ನು ಮಲಗಿಸಿ ಕೂತಿದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮಪ್ಪ ತಿಪಟೂರಿನವರು. ಕೊಬ್ಬರಿ ಮಂಡಿಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಲೆಕ್ಕ ಬರೆದವರು. ಕಳೆದ ವರ್ಷ ಬೇಸಿಗೆಯಲ್ಲಿ ಆರು ತಿಂಗಳಿಗೆ ಅಂತ ಬಂದರು. ಎರಡನೇ ವಾರಕ್ಕೇ ಬೇಜಾರು. ನಾವು ಕೆಲಸಕ್ಕೆ ಹೋದರೆ ಕಿಟಕಿ ಪಕ್ಕ ಕೂತು ಖಾಲಿ ರಸ್ತೆ ನೋಡುತ್ತಿದ್ದರು. ಅಮ್ಮ ಹೋದ ಮೇಲೆ ಮಾತೂ ಕಡಿಮೆಯಾಗಿತ್ತು. ಒಂದು ಭಾನುವಾರ ಮಗ ಹಟ ಮಾಡಿದ ಅಂತ ಮೂವರೂ ಬಾರ್ಟ್ ರೈಲು ಹತ್ತಿ ಕೊಲಿಸಿಯಂಗೆ ಹೋದೆವು. ಅಲ್ಲಿ ಮನೆ ಊಟ ಒಳಗೆ ಬಿಡುತ್ತಾರೆ, ನಿಮಗೆಲ್ಲ ಗೊತ್ತಲ್ಲ. ಚಿತ್ರಾನ್ನ, ಮೊಸರನ್ನ, ಹುರಿದ ಕಡಲೆಬೀಜ ಕಟ್ಟಿಕೊಂಡಿದ್ದೆ. ಸ್ಟೇಷನ್‌ನಿಂದ ಮೈದಾನಕ್ಕೆ ಹೋಗುವ ಆ ಉದ್ದನೆಯ ಸೇತುವೆಯ ಮೇಲೆ ಟೋಪಿ ಮಾರುವವರು, ನೀರಿನ ಬಾಟಲಿ ಮಾರುವವರು, ಈರುಳ್ಳಿ ಹುರಿಯುವ ಹೊಗೆ. ಅಪ್ಪ ನಿಂತುಬಿಟ್ಟರು. “ಜಾತ್ರೆ ಇದ್ದಂಗಿದೆಯಲ್ಲೇ” ಅಂದರು. ಬಂದಾಗಿನಿಂದ ಅವರ ಮುಖದಲ್ಲಿ ಅಂಥ ನಗು ನೋಡಿರಲಿಲ್ಲ.

ಮುಂದಿನ ಸಾಲಿನಲ್ಲಿ ಒಬ್ಬ ಅಜ್ಜಿ ಪೆನ್ಸಿಲ್ ಹಿಡಿದು ಕಾಗದದ ಮೇಲೆ ಏನೋ ಬರೆಯುತ್ತಿದ್ದರು. ಅಪ್ಪ ಬಗ್ಗಿ ಬಗ್ಗಿ ನೋಡಿದರು. ಆಟಗಾರರ ಜಾಗಕ್ಕೆಲ್ಲ ನಂಬರ್ ಇದೆ. ಪಿಚರ್ 1, ಕ್ಯಾಚರ್ 2, ಮೊದಲ ಬೇಸ್‌ನವನು 3, ಎರಡನೆಯವನು 4, ಮೂರನೇ ಬೇಸ್‌ನವನು 5, ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಮೂರನೇ ಬೇಸ್‌ನವನು ಚೆಂಡು ಹಿಡಿದು ಮೊದಲ ಬೇಸ್‌ಗೆ ಎಸೆದು ಔಟ್ ಮಾಡಿದರೆ 5-3 ಅಂತ ಬರೆಯಬೇಕು. ಸ್ಟ್ರೈಕ್ ಔಟ್ ಆದರೆ ಇಂಗ್ಲಿಷಿನ ಕೆ. ಬ್ಯಾಟ್ ಬೀಸದೇ ಸುಮ್ನೆ ನಿಂತು ಔಟಾದರೆ ಅದೇ ಕೆ ಉಲ್ಟಾ. ಆ ಅಜ್ಜಿ ಅಪ್ಪನಿಗೆ ಬೆರಳು ತೋರಿಸಿ ತೋರಿಸಿ ಹೇಳಿಕೊಟ್ಟರು. ಅಪ್ಪನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಲೆಕ್ಕ ಅರ್ಥವಾಗಲು ಭಾಷೆ ಬೇಕಾಗಲಿಲ್ಲ. ಏಳನೇ ಇನಿಂಗ್ಸ್ ಹೊತ್ತಿಗೆ ಇಬ್ಬರೂ ಕಡಲೆಬೀಜ ಹಂಚಿಕೊಂಡು ತಿನ್ನುತ್ತಿದ್ದರು.

ಮಾರನೇ ದಿನ ಅಪ್ಪ ಮಗನ ಹಳೇ ನೋಟ್‌ಬುಕ್ ತೆಗೆದುಕೊಂಡು ಸ್ಕೇಲ್ ಇಟ್ಟು ಗೆರೆ ಹಾಕಿದರು. ಆಮೇಲೆ ಟಿವಿಯಲ್ಲಿ ಬಂದ ಒಂದು ಆಟವನ್ನೂ ಬಿಡಲಿಲ್ಲ. ಎಷ್ಟೋ ಸೋಲು ಬರೆದರು, ಒಂದು ದಿನವೂ ಅರ್ಧಕ್ಕೆ ಎದ್ದು ಹೋಗಲಿಲ್ಲ. ಊರಿಗೆ ಹೊರಟಾಗ ಪುಸ್ತಕ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋದರು. ಈಗಲೂ ಬೆಳಿಗ್ಗೆ ಎದ್ದು ಫೋನಿನಲ್ಲಿ ನೋಡಿ ಬರೆಯುತ್ತಾರೆ. ಮೊಮ್ಮಗನಿಗೂ ಅವರಿಗೂ ವಾರಕ್ಕೆ ಮೂರು ಸಲ ಮಾತು, ಎಲ್ಲ ಬೇಸ್‌ಬಾಲ್ ಮಾತೇ.

ಆ ತಂಡ ಹೋಗುತ್ತಿದೆ ಅಂತ ಅಪ್ಪನಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ “ಆ ಅಜ್ಜಿ ಏನು ಮಾಡ್ತಾರೆ?” ಅಂತ ಕೇಳಿದರು.

ಬಾರ್ಟ್_ಪಯಣಿಗ, ಸೆಪ್ಟೆಂಬರ್ 12

ಅಕ್ಕ, ಇದನ್ನು ಓದಿ ಬಹಳ ಹೊತ್ತು ಏನೂ ಬರೆಯಲು ಆಗಲಿಲ್ಲ.

ಹೊಸ_ಬ್ಯಾಟ್, ಸೆಪ್ಟೆಂಬರ್ 13

ಅಕ್ಕಾರೆ, ನನಗೆ ಉತ್ತರ ಸಿಕ್ಕಿತು. 26ಕ್ಕೆ ನಾನೂ ಬರುತ್ತೇನೆ. ಕ್ಲಾಸ್ ಇದೆ, ಆದರೂ ಬರುತ್ತೇನೆ. ಏಸ್‌ನ ಹಳೇ ಆಟಗಾರ ರಿಕಿ ಹೆಂಡರ್ಸನ್ ಅವರನ್ನು ನೋಡಲು ಸಿಗುತ್ತದಾ? ಮೈದಾನಕ್ಕೆ ಅವರ ಹೆಸರೇ ಇದೆಯಲ್ಲ.

ಲೆಕ್ಕದ_ಮೇಷ್ಟ್ರು, ಸೆಪ್ಟೆಂಬರ್ 13

ಸಿಗಬಹುದು. ರಿಕಿ ಓಕ್‌ಲ್ಯಾಂಡ್‌ನಲ್ಲೇ ಬೆಳೆದವರು. ಅವರ ಬೇಸ್ ಕದಿಯುವ ಆಟ ನಿನಗೆ ಹೀಗೆ ಹೇಳಬಹುದು: ಬೌಲರ್ ಕೈ ಎತ್ತುವಾಗಲೇ ಆಚೆ ತುದಿಯ ಬ್ಯಾಟ್ಸ್‌ಮನ್ ಓಡಿ, ಕೀಪರ್ ಚೆಂಡು ಎಸೆಯುವುದರೊಳಗೆ ಕ್ರೀಸ್ ಮುಟ್ಟಿದ ಹಾಗೆ. 1982ರ ಒಂದೇ ಸೀಸನ್‌ನಲ್ಲಿ 130 ಸಲ ಕದ್ದರು. ಇಡೀ ಆಟದ ಬದುಕಿನಲ್ಲಿ 1,406. ಎರಡನೇ ಜಾಗದಲ್ಲಿರುವ ಲೂ ಬ್ರಾಕ್ 938. ಆ ದಾಖಲೆಯನ್ನು ರಿಕಿ ಮುರಿದದ್ದು ಇದೇ ಮೈದಾನದಲ್ಲಿ, 1991ರ ಮೇ 1ರಂದು. ಬೇಸ್ ಕಿತ್ತು ತಲೆಯ ಮೇಲೆ ಎತ್ತಿ ಹಿಡಿದ ಆ ಫೋಟೊ ನೀನೂ ನೋಡಿರುತ್ತೀಯ.

ಹಸಿರು_ಟೋಪಿ, ಸೆಪ್ಟೆಂಬರ್ 22

ಈ ವಾರಾಂತ್ಯ ಯಾಂಕೀಸ್ ಜೊತೆ ಆಟ ಇತ್ತು, ಹೋಗಿದ್ದೆ. ಮೈದಾನ ಹಳೆಯದಾಗಿದೆ, ನಿಜ. ಕಾಂಕ್ರೀಟ್ ಬಿರುಕು ಬಿಟ್ಟಿದೆ. 1990ರ ದಶಕದಲ್ಲಿ ರೇಡರ್ಸ್‌ಗಾಗಿ ಎಬ್ಬಿಸಿದ ಆ ಎತ್ತರದ ಸ್ಟ್ಯಾಂಡ್ ಹಿಂದಿನ ಬೆಟ್ಟವನ್ನೇ ಮುಚ್ಚಿಬಿಟ್ಟಿದೆ. ಆದರೆ ಬಲಗಡೆಯ ಸ್ಟ್ಯಾಂಡಿನಲ್ಲಿ ಡ್ರಮ್ ಬಾರಿಸುವವರು ಶುರು ಮಾಡಿದರೆ ನಾವು ಕೂತ ಕುರ್ಚಿಯ ಕಬ್ಬಿಣ ಸಣ್ಣಗೆ ಅದುರುತ್ತದೆ. ಅಂಗೈ ಇಟ್ಟು ನೋಡಿದೆ. ಗುರುವಾರ ಇನ್ನೊಂದು ಸಲ ಇಟ್ಟು ನೋಡಬೇಕು.

ಬಾರ್ಟ್_ಪಯಣಿಗ, ಸೆಪ್ಟೆಂಬರ್ 25

ನಾಳೆ ನಾನು ಒಳಗೆ ಬರಲ್ಲ. ಮಾತು ಮಾತೇ. ಆದರೆ ಬೆಳಿಗ್ಗೆ ಪಾರ್ಕಿಂಗ್ ಜಾಗಕ್ಕೆ ಬರುತ್ತೇನೆ. ದೊಡ್ಡ ಪಾತ್ರೆಯಲ್ಲಿ ಪುಳಿಯೋಗರೆ ಕಲಸುತ್ತಿದ್ದೇನೆ. ಬಾರ್ಟ್ ಸೇತುವೆ ಇಳಿಯುವ ಕಡೆ ಹಳದಿ ಕೊಡೆ ಹಿಡಿದು ನಿಂತಿರುತ್ತೇನೆ. ಎಲ್ಲರೂ ತಿಂದೇ ಒಳಗೆ ಹೋಗಿ.

ಹೊಸ_ಬ್ಯಾಟ್, ಸೆಪ್ಟೆಂಬರ್ 26

ರೈಲಿನಲ್ಲಿ ಕಾಲಿಡಲು ಜಾಗ ಇಲ್ಲ. ಎಲ್ಲಿ ನೋಡಿದರೂ ಹಸಿರು, ಹಳದಿ.

ಹಸಿರು_ಟೋಪಿ, ಸೆಪ್ಟೆಂಬರ್ 26

ಗೆದ್ದೆವು. 3-2. ಬಂದ ಜನ 46,889.

ನಮ್ಮ ಹಳೇ ಪಿಚರ್ ಬ್ಯಾರಿ ಝಿಟೊ ರಾಷ್ಟ್ರಗೀತೆ ಹಾಡಿದರು. ರಿಕಿ ಹೆಂಡರ್ಸನ್ ಮತ್ತು ಇನ್ನೊಬ್ಬ ಹಳೇ ಪಿಚರ್ ಡೇವ್ ಸ್ಟುವರ್ಟ್ ಆಟಕ್ಕೆ ಮುಂಚಿನ ಗೌರವದ ಮೊದಲ ಎಸೆತ ಹಾಕಿದರು. ನಮ್ಮ ಹೊಸ_ಬ್ಯಾಟ್ ರಿಕಿಯನ್ನು ಕಣ್ಣಾರೆ ನೋಡಿದ. ಕೊನೆಗೆ ಮಿಲ್ಲರ್ ಬಂದಾಗ ಇಡೀ ಮೈದಾನ ನಿಂತಿತ್ತು, ಆಮೇಲೆ ಯಾರೂ ಕೂರಲಿಲ್ಲ. ಆಟ ಮುಗಿದ ಮೇಲೆ ಮ್ಯಾನೇಜರ್ ಮಾರ್ಕ್ ಕಾಟ್ಸೆ ಮೈಕ್ ಹಿಡಿದು ಜನರಿಗೆ ಧನ್ಯವಾದ ಹೇಳಿದರು, ಕೊನೆಯ ಸಲ ‘ಲೆಟ್ಸ್ ಗೋ ಓಕ್‌ಲ್ಯಾಂಡ್’ ಕೂಗಿಸಿದರು. ಮೈದಾನದ ಕೆಲಸದವರು ಬೇಲಿಯ ಹತ್ತಿರ ಬಂದವರಿಗೆ ಮಣ್ಣು ಕೊಡುತ್ತಿದ್ದರು. ನಾನು ಟೋಪಿ ಒಡ್ಡಿದೆ. ಒಂದು ಹಿಡಿ ಬಿತ್ತು. ಹೊರಗೆ ಬಂದು ಅದರಲ್ಲಿ ಅರ್ಧ ಬಾರ್ಟ್_ಪಯಣಿಗ ಅವರಿಗೆ ಕೊಟ್ಟೆ. ಪುಳಿಯೋಗರೆ ಡಬ್ಬಿ ತೊಳೆದು ಒರೆಸಿ ಅದರಲ್ಲಿ ಹಾಕಿಕೊಂಡರು.

ಬಾರ್ಟ್_ಪಯಣಿಗ, ಸೆಪ್ಟೆಂಬರ್ 27

ಡಬ್ಬಿ ದೇವರ ಮನೆಯ ಪಕ್ಕದ ಶೆಲ್ಫಿನಲ್ಲಿಟ್ಟಿದ್ದೇನೆ. ಥ್ಯಾಂಕ್ಸ್ ಸರ್.

ಲೆಕ್ಕದ_ಮೇಷ್ಟ್ರು, ಸೆಪ್ಟೆಂಬರ್ 27

ಸೀಸನ್ ಇನ್ನೂ ಮುಗಿದಿಲ್ಲ. ಸಿಯಾಟಲ್‌ನಲ್ಲಿ ಮೂರು ಆಟ ಇವೆ. ಕಳೆದ ವರ್ಷ 50 ಗೆಲುವು, ಈ ವರ್ಷ ಆಗಲೇ 69. ಎಪ್ಪತ್ತು ಮುಟ್ಟಬೇಕು. ಓಕ್‌ಲ್ಯಾಂಡ್ ಹೆಸರಿನಲ್ಲೇ ಮುಟ್ಟಬೇಕು.

ತುಂಗಾ_ತೀರ, ಸೆಪ್ಟೆಂಬರ್ 27

ಆಟ ಮುಗಿದಾಗ ಊರಿನಲ್ಲಿ ನಡುರಾತ್ರಿ ದಾಟಿ ಎಷ್ಟೋ ಹೊತ್ತಾಗಿತ್ತು. ಅಪ್ಪ ಮಲಗಿರುತ್ತಾರೆ ಅಂದುಕೊಂಡು ಸೇತುವೆಯ ಮೇಲಿನಿಂದ ಸುಮ್ನೆ ಒಂದು ರಿಂಗ್ ಕೊಟ್ಟೆ. ತಕ್ಷಣ ಎತ್ತಿದರು. ಫೋನಿನಲ್ಲಿ ಕೊನೆಯ ಹೊತ್ತಿಗೆ ನೆಟ್‌ವರ್ಕ್ ಹೋಗಿಬಿಟ್ಟಿತಂತೆ. “ಕೊನೇ ಔಟ್ ಹೇಗಾಯ್ತು, ಬೇಗ ಹೇಳು” ಅಂದರು.

ನನಗೆ ಗಂಟಲು ಕಟ್ಟಿತ್ತು. ಮಗ ಫೋನ್ ಕಿತ್ತುಕೊಂಡ. “ಜಾಂಕೌಸ್ಕಿ ಹೊಡೆದ ತಾತ, ನೆಲದ ಮೇಲೆ ಬಂತು. ಶೂಮನ್ ಹಿಡಿದು ಸೋಡರ್‌ಸ್ಟ್ರಾಮ್‌ಗೆ ಎಸೆದ. 5-3.”

ಆಚೆ ಕಡೆ ಪೆನ್ಸಿಲ್ ಸದ್ದು ಕೇಳಿಸಿತು. “ಹ್ಞೂಂ, 5-3” ಅಂದರು. ಆಮೇಲೆ ಸಿಯಾಟಲ್ ಆಟ ಎಷ್ಟು ಗಂಟೆಗೆ ಅಂತ ಕೇಳಿದರು. ಮೂರು ಪುಟಕ್ಕೆ ಗೆರೆ ಹಾಕಿ ಇಟ್ಟಿದ್ದಾರಂತೆ.